ಕೇಳದೆ ಬಿಟ್ಟ ಪ್ರಶ್ನೆ

“ಮೂಗು ಮುಚ್ಕೊಂಡು ನಿಂತ್ರೆ ತೊಟ್ಟಿ ನಿಮ್ಮಪ್ಪ ಬಂದು ಖಾಲಿ ಮಾಡ್ತಾನೇನೋ ಬೋಳಿಮಗನೆ? ಇಳಿ ಅಂದ್ರೆ ಇಳಿ.”

ಮ್ಯಾನೇಜರು ಅಂದದ್ದು ಕೊಕ್ಕರೆಯ ಗಂಡನಿಗೆ. ಬಣ್ಣದ ಕಾರ್ಖಾನೆಯ ಹಿತ್ತಲಲ್ಲಿ, ಬಟ್ಟೆ ತೊಳೆದ ನೀರೆಲ್ಲ ಬಂದು ಬೀಳುವ ತೊಟ್ಟಿಯ ಬಾಯಿ ಹತ್ತಿರ ಗಂಡ ಹೆಂಡತಿ ಇಬ್ಬರೂ ನಿಂತಿದ್ದರು. ತೊಟ್ಟಿ ಎರಡಾಳು ಆಳ. ಕಬ್ಬಿಣದ ಮುಚ್ಚಳ ತೆಗೆದು ಇನ್ನೂ ಐದು ನಿಮಿಷ ಆಗಿರಲಿಲ್ಲ. ಆ ದಿನದ ವಾಸನೆ ದಿನಾ ಬರುವ ವಾಸನೆಯಾಗಿರಲಿಲ್ಲ. ಕೊಳೆತ ಮೊಟ್ಟೆಯ ನಾತದ ಒಳಗೆ ಇನ್ನೇನೋ ಸೇರಿಕೊಂಡು ಕಣ್ಣು ಉರಿಯುತ್ತಿತ್ತು.

“ಒಂದು ಗಂಟೆ ಬಿಟ್ಟು ಇಳೀತೀನಿ ಸ್ವಾಮಿ. ಸ್ವಲ್ಪ ಗಾಳಿ ಆಡಲಿ,” ಎಂದ ಗಂಡ.

“ಒಂದು ಗಂಟೇಲಿ ಗಿರಾಕಿಗಳು ಬಂದುಬಿಡ್ತಾರೆ. ಕಾರ್ಖಾನೆ ಪೂರ್ತಿ ನೋಡ್ತಾರಂತೆ. ನಿನ್ನ ಈ ಹೇಲುಮೋರೆ ತೋರಿಸ್ಲಾ ಅವರಿಗೆ? ಒಂಬತ್ತು ವರ್ಷದಿಂದ ಇಳೀತಿದ್ದೀಯ, ಇವತ್ತೇನು ಹೊಸ ಮದುವಣಿಗನ ಥರ ನಾಚಿಕೆ?”

ಕೊಕ್ಕರೆ ಎನ್ನುವುದು ಅವಳ ಹೆಸರಲ್ಲ. ಉದ್ದಕ್ಕೆ, ಸಣ್ಣಕ್ಕೆ ಇದ್ದಳು; ಬಣ್ಣದ ನೀರಿನಲ್ಲಿ ಸೀರೆ ಮೇಲೆತ್ತಿ ಕಟ್ಟಿಕೊಂಡು ಒಂದೊಂದೇ ಹೆಜ್ಜೆ ಎತ್ತಿಡುವುದನ್ನು ನೋಡಿ ಗಂಡನೇ ಮೊದಲು ಹಾಗೆ ಕರೆದಿದ್ದ. ಆಮೇಲೆ ಕಾರ್ಖಾನೆಯೇ ಕರೆಯಿತು. ಬಟ್ಟೆ ಹಿಂಡುವುದು ಅವಳ ಕೆಲಸ. ಆದರೆ ಗಂಡ ತೊಟ್ಟಿಗೆ ಇಳಿಯುವ ದಿನ ಹಗ್ಗ ಹಿಡಿಯಲು ಅವಳೇ ಬೇಕು. ಬೇರೆಯವರ ಕೈಗೆ ಹಗ್ಗ ಕೊಟ್ಟು ಅವನು ಒಂದು ಸಲವೂ ಇಳಿದವನಲ್ಲ.

“ಮೂರು ಸಲ ಜಗ್ಗಿದ್ರೆ ಎಳಿ,” ಎಂದು ಹೇಳಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಬೀಡಿಯ ಕೊನೆಯ ದಮ್ಮು ಎಳೆದು ಅವನು ಇಳಿದ.

ಮೂರು ಸಲ ಜಗ್ಗುವುದಕ್ಕೆ ಅವನಿಂದ ಆಗಲಿಲ್ಲ. ಒಂದು ಸಲ ಜಗ್ಗಿದ. ಆಮೇಲೆ ಹಗ್ಗ ಅವಳ ಕೈಯಲ್ಲಿ ಸುಮ್ಮನೆ ನಡುಗತೊಡಗಿತು. ಅವಳು ಬಗ್ಗಿ ಕೂಗಿದಳು. ಕೆಳಗಿನಿಂದ ಗೊರಗೊರ ಸದ್ದು ಬಂತು. ಅವಳು ಸಿಮೆಂಟಿನ ಕಟ್ಟೆಯ ಮೇಲೆ ಬೋರಲು ಮಲಗಿ, ಮೊಣಕೈ ಊರಿ, ಹಗ್ಗ ಎಳೆಯತೊಡಗಿದಳು. ಒಂದು ಮೊಳ ಬಂತು. ಇನ್ನೊಂದು ಗೇಣು. ಬಾಯ್ಲರ್ ಮನೆಯ ಬಾಗಿಲಲ್ಲಿ ಬಾಯ್ಲರ್‌ನವನು ನಿಂತಿದ್ದ. “ಅಣ್ಣಾ, ಕೈ ಕೊಡಿ ಅಣ್ಣಾ,” ಎಂದು ಕೂಗಿದಳು. ಅವನು ಎರಡು ಹೆಜ್ಜೆ ಮುಂದೆ ಬಂದ. ಅಷ್ಟರಲ್ಲಿ ಆಫೀಸಿನ ಕಡೆಯಿಂದ ಮ್ಯಾನೇಜರು ಓಡಿ ಬಂದರು.

“ಬಂದುಬಿಟ್ರು, ಗೇಟ್ ಒಳಗೇ ಬಂದುಬಿಟ್ರು. ಮುಚ್ಚು, ಮುಚ್ಚಳ ಎಳಿ,” ಎಂದರು ಬಾಯ್ಲರ್‌ನವನಿಗೆ.

“ಒಳಗಿದ್ದಾರೆ ಸ್ವಾಮಿ. ಉಸಿರಿದೆ, ಹಗ್ಗ ಅಲ್ಲಾಡ್ತಿದೆ,” ಎಂದಳು ಕೊಕ್ಕರೆ.

“ಐದು ನಿಮಿಷ ಕಣೇ. ಅವರು ಆ ಕಡೆ ಹೋದ ತಕ್ಷಣ ತೆಗೀತೀನಿ. ಬಿಡು ಹಗ್ಗ.”

ಅವಳು ಬಿಡಲಿಲ್ಲ. ಮ್ಯಾನೇಜರು ಅವಳ ಬಲಗೈ ಮೇಲೆ ಬೂಟುಕಾಲು ಇಟ್ಟರು. ಆಗಲೂ ಬಿಡದಿದ್ದಾಗ ಇನ್ನೊಂದು ಕಾಲನ್ನು ನೆಲದಿಂದ ಎತ್ತಿ ಪೂರ್ತಿ ಭಾರ ಹಾಕಿ ನಿಂತರು. ಬೆರಳುಗಳ ಒಳಗೆ ಏನೋ ಲಟಕ್ಕೆಂದಿತು. ಹಗ್ಗ ಜಾರಿ ಹೋಯಿತು. ಮುಚ್ಚಳ ಬಿತ್ತು.

ಗಿರಾಕಿಗಳು ನಾಲ್ಕು ಜನ. ನಗುನಗುತ್ತಾ ಹಿತ್ತಲಿಗೆ ಬಂದು, ಒಣಗಲು ಹಾಕಿದ್ದ ಬಟ್ಟೆಯ ಸಾಲು ನೋಡಿ, ಒಬ್ಬರು ಕರ್ಚೀಫು ಮೂಗಿಗೆ ಹಿಡಿದು, ಹೊರಟುಹೋದರು. ಕೊಕ್ಕರೆಯನ್ನು ಬಾಯ್ಲರ್ ಮನೆಯೊಳಗೆ ತಳ್ಳಿ ಹೊರಗಿನಿಂದ ಚಿಲಕ ಹಾಕಿದ್ದರು. ಮುಚ್ಚಳ ತೆಗೆದಾಗ ನಲವತ್ತು ನಿಮಿಷ ಆಗಿತ್ತು.

ಪೊಲೀಸ್ ಠಾಣೆಯಲ್ಲಿ ಬರೆದುಕೊಳ್ಳುವವನು ಒಳ್ಳೆಯ ಅಕ್ಷರದವನು. ಬಟ್ಟೆ ಸುತ್ತಿದ ಬಲಗೈಯನ್ನು ಎಡಗೈಯಲ್ಲಿ ಹೊತ್ತುಕೊಂಡು ಬೆಂಚಿನ ತುದಿಯಲ್ಲಿ ಕೂತು ಅವಳು ಎಲ್ಲವನ್ನೂ ಹೇಳಿದಳು. ಇಳಿದದ್ದನ್ನು ಬರೆದುಕೊಂಡ. ಬಿದ್ದದ್ದನ್ನು ಬರೆದುಕೊಂಡ. ಬೂಟಿನ ಮಾತು ಬಂದಾಗ ಪೆನ್ನಿನ ಹಿಂಬದಿಯಿಂದ ಕಿವಿ ಕೆರೆದುಕೊಂಡ.

“ಅದೆಲ್ಲ ಯಾಕಮ್ಮ ಈಗ? ಗಾಬರೀಲಿ ನಿನಗೇ ಗೊತ್ತಾಗಿರಲ್ಲ. ಇಲ್ಲಿ ಹೆಬ್ಬೆಟ್ಟು ಒತ್ತು.”

“ಬೂಟಿಂದು ಬರೆದ್ರಾ?”

“ಎಲ್ಲಾ ಬರೆದಿದೀನಿ. ಒತ್ತು.”

ಬಲಗೈಯಲ್ಲಿ ಆಗದು ಎಂದು ಎಡಗೈಯ ಹೆಬ್ಬೆಟ್ಟು ಒತ್ತಿದಳು.

ಮ್ಯಾನೇಜರ ಮೇಲಿನ ಕೇಸು ಕೋರ್ಟಿಗೆ ಬರುವ ಹೊತ್ತಿಗೆ ಮೂರು ವರ್ಷ ಕಳೆದಿತ್ತು. ಅಷ್ಟರಲ್ಲಿ ಅವಳ ಬಲಗೈಯ ಎರಡು ಬೆರಳು ಒಳಮುಖವಾಗಿ ಬಾಗಿ ಹಾಗೆಯೇ ನಿಂತುಬಿಟ್ಟಿದ್ದವು. ಮಗಳು ಐದು ವರ್ಷದವಳಿದ್ದವಳು ಎಂಟಕ್ಕೆ ಬಿದ್ದಿದ್ದಳು. ಅತ್ತೆ ಎರಡು ಮನೆಯ ಪಾತ್ರೆ ತಿಕ್ಕುತ್ತಿದ್ದಳು. ಕಾರ್ಖಾನೆಯ ಗೇಟಿನವನು ಕೊಕ್ಕರೆಯನ್ನು ದೂರದಲ್ಲಿ ಕಂಡರೇ ಕೋಲು ತಟ್ಟುತ್ತಿದ್ದ. ಆದರೂ ಅವಳಿಗೆ ಒಂದು ಧೈರ್ಯ ಇತ್ತು. ಕೋರ್ಟಿನಲ್ಲಿ ನಿಂತು ಹೇಳಿದರೆ ಆಯಿತು. ಅದಕ್ಕೆಂದೇ ಕಟ್ಟಿಸಿದ ಜಾಗವಲ್ಲವೇ ಅದು.

ಸಾಕ್ಷಿ ಹೇಳಬೇಕಾದ ದಿನ ಬೆಳಿಗ್ಗೆ ಕೋರ್ಟಿನ ಮೊಗಸಾಲೆಯಲ್ಲಿ ಸರ್ಕಾರಿ ವಕೀಲ ಅವಳನ್ನು ಕಂಬದ ಮರೆಗೆ ಕರೆದ. ಕಂಕುಳಲ್ಲಿ ಹನ್ನೆರಡು ಕೇಸಿನ ಕಟ್ಟು ಇತ್ತು.

“ಬೂಟು ಅಂತೆಲ್ಲ ಏನೋ ಹೇಳ್ತಿದೀಯಂತೆ. ಕಾಗದದಲ್ಲಿ ಅದಿಲ್ಲ.”

“ಇದೆ ಸ್ವಾಮಿ. ನಾನು ಹೇಳಿದೀನಿ. ಎಲ್ಲಾ ಬರೆದಿದೀನಿ ಅಂದ್ರು.”

“ಇಲ್ಲ ಅಂತಿದೀನಲ್ಲ. ಈಗ ಹೇಳಿದ್ರೆ ಮೂರು ವರ್ಷ ಕೂತು ಹೊಸೆದ ಕಥೆ ಅಂತಾರೆ. ಆ ಕಡೆ ಯಾರು ಬಂದಿದ್ದಾರೆ ಗೊತ್ತಾ ನಿನಗೆ? ನಿನ್ನನ್ನೂ ಸೇರಿಸಿ ನನ್ನನ್ನೂ ಒಗೆದು ಹಿಂಡಿ ಒಣಗಾಕ್ತಾರೆ. ಕೇಳಿದ್ದಕ್ಕೆ ಹೂಂ ಅನ್ನು, ಊಹೂಂ ಅನ್ನು. ಬಾಯಿ ಜಾಸ್ತಿ ಬಿಚ್ಚಬೇಡ.”

ಮ್ಯಾನೇಜರ ಪರ ಬಂದಿದ್ದವರು ದೊಡ್ಡ ವಕೀಲರು. ಅವರ ಹೆಸರನ್ನು ಕೋರ್ಟಿನ ಜವಾನರು ಕೂಡ ದನಿ ತಗ್ಗಿಸಿ ಹೇಳುತ್ತಿದ್ದರು. ಅವರು ಪಾಟೀಸವಾಲು ಮಾಡುತ್ತಾರೆಂದರೆ, ಅಂದರೆ ಎದುರು ಕಡೆಯ ಸಾಕ್ಷಿಯನ್ನು ಪ್ರಶ್ನೆ ಕೇಳಿ ಜರಡಿ ಹಿಡಿಯುತ್ತಾರೆಂದರೆ, ಬೇರೆ ಕೋರ್ಟುಗಳಲ್ಲಿ ಕೆಲಸವಿದ್ದ ವಕೀಲರೂ ಅದನ್ನು ಬಿಟ್ಟು ಬಂದು ಗೋಡೆಗೊರಗಿ ನಿಲ್ಲುತ್ತಿದ್ದರು. ಅಂದೂ ನಿಂತಿದ್ದರು. ಕಿಟಕಿಯ ಹೊರಗಿನಿಂದಲೂ ಕರಿಕೋಟುಗಳು ಇಣುಕುತ್ತಿದ್ದವು.

ಬಾಯ್ಲರ್‌ನವನು ಮೊದಲ ಸಾಕ್ಷಿ. ತಾನು ಬೆನ್ನು ಮಾಡಿ ಕಲ್ಲಿದ್ದಲು ಹಾಕುತ್ತಿದ್ದೆ, ಏನೂ ನೋಡಲಿಲ್ಲ ಎಂದ. ಕಟಕಟೆ ಇಳಿದು ಹೋಗುವಾಗ ಕೊಕ್ಕರೆಯ ಪಕ್ಕದಲ್ಲೇ ಹಾಯಬೇಕಿತ್ತು. ತಲೆ ಬಗ್ಗಿಸಿ ಹಾಯ್ದ.

ಅವಳು ಕಟಕಟೆ ಹತ್ತಿದಳು. ಸರ್ಕಾರಿ ವಕೀಲ ಬೆರಳಿಗೆ ಉಗುಳು ಹಚ್ಚಿ ಹಾಳೆ ಮಗುಚುತ್ತಾ ಕೇಳಿದ್ದನ್ನೆಲ್ಲ ಅವಳು ಹೂಂ, ಊಹೂಂ ಎಂದಳು. ಮ್ಯಾನೇಜರು ಇಳಿಯಲು ಹೇಳಿದ್ದರು, ಮುಖಕ್ಕೆ ಹಾಕಲು ಏನೂ ಕೊಟ್ಟಿರಲಿಲ್ಲ, ಗಂಡ ಸತ್ತ. ಹತ್ತು ನಿಮಿಷದಲ್ಲಿ ಮುಗಿಯಿತು. ಎರಡೂ ಕೈಯಿಂದ ಕಟಕಟೆಯ ಮರದ ಸರಳು ಹಿಡಿದುಕೊಂಡು ನಿಂತಿದ್ದಳು.

ದೊಡ್ಡ ವಕೀಲರು ಎದ್ದರು. ಅವರ ಕೈಯಲ್ಲಿ ಒಂದು ಹಾಳೆಯೂ ಇರಲಿಲ್ಲ. ಒಂದು ಕ್ಷಣ ಅವಳನ್ನೇ ನೋಡಿದರು. ಕೂದಲೆಲ್ಲ ನೆರೆತಿದ್ದ, ಶಾಂತವಾದ ಮುಖ. ಮನೆಯ ಹಿರಿಯರೊಬ್ಬರು ಮಾತಾಡಿಸಿದ ಹಾಗೆ ಕೇಳಿದರು:

“ಬೆಳಗ್ಗೆಯಿಂದ ನಿಂತೇ ಇದ್ದೀರಾ ಅಮ್ಮ?”

“ಹೂಂ ಸ್ವಾಮಿ.”

“ಊಟ?”

“ಆಮೇಲೆ ಮಾಡ್ತೀನಿ ಸ್ವಾಮಿ.”

ಅವರು ನ್ಯಾಯಾಧೀಶರ ಕಡೆ ತಿರುಗಿ, “ಈ ತಾಯಿಗೆ ಒಂದು ಕುರ್ಚಿ ಕೊಡಿಸಬೇಕೆಂದು ಪ್ರಾರ್ಥನೆ,” ಎಂದರು. ಜವಾನ ಕುರ್ಚಿ ತಂದ. ಕಾರ್ಖಾನೆಯಲ್ಲಿ, ಠಾಣೆಯಲ್ಲಿ, ಆಸ್ಪತ್ರೆಯಲ್ಲಿ ಇದುವರೆಗೆ ಯಾರೂ ಅವಳಿಗೆ ಕುರ್ಚಿ ಕೊಟ್ಟಿರಲಿಲ್ಲ. ಮುದುಡಿಕೊಂಡು ತುದಿಯಲ್ಲಿ ಕೂತಳು. ಕಟಕಟೆಯ ಹಲಗೆ ಅವಳ ಎದೆಯ ಮಟ್ಟಕ್ಕೆ ಬಂತು. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಳು.

“ನಿಮ್ಮ ಯಜಮಾನರು ತುಂಬಾ ಧೈರ್ಯಸ್ಥರು ಅಂತ ಕೇಳಿದೀನಿ. ಎಷ್ಟು ವರ್ಷ ಇಳಿದಿದ್ರು ಆ ತೊಟ್ಟಿಗೆ?”

“ಒಂಬತ್ತು ವರ್ಷ.”

“ಒಂಬತ್ತು ವರ್ಷ. ಪ್ರತಿ ಸಲಾನೂ ಕ್ಷೇಮವಾಗಿ ಮೇಲೆ ಬಂದ್ರು.”

“ತಲೆ ಸುತ್ತೋದು ಸ್ವಾಮಿ. ಎರಡು ದಿನ ಅನ್ನ ಸೇರ್ತಿರಲಿಲ್ಲ.”

“ಪಾಪ. ಆದರೂ ಮೇಲೆ ಬಂದ್ರು. ಯಾಕೆ ಬಂದ್ರು ಅಂದ್ರೆ ಮೇಲೆ ಹಗ್ಗ ಹಿಡಿದು ನೀವಿರ್ತಿದ್ರಿ. ಅಲ್ವಾ?”

“ಹೌದು ಸ್ವಾಮಿ.” ಅವಳ ಕತ್ತು ತಾನಾಗಿ ನೆಟ್ಟಗಾಯಿತು.

“ಬೇರೆ ಯಾರ ಕೈಗೂ ಅವರು ಹಗ್ಗ ಕೊಡ್ತಿರಲಿಲ್ಲ.”

“ಕೊಡ್ತಿರಲಿಲ್ಲ.”

“ಒಂಬತ್ತು ವರ್ಷದಲ್ಲಿ ನೀವು ಒಂದೇ ಒಂದು ಸಲ ಕೈ ಬಿಟ್ಟಿದ್ದುಂಟಾ?”

“ಇಲ್ಲ ಸ್ವಾಮಿ. ಒಂದು ಸಲಾನೂ ಇಲ್ಲ.”

ದೊಡ್ಡ ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. ಮುಂದಿನ ಪ್ರಶ್ನೆ ಕೇಳುವಾಗ ದನಿ ಇನ್ನೂ ಮೆತ್ತಗಾಗಿತ್ತು.

“ಆ ದಿನ ಬಿಟ್ರಿ.”

“ಬಿಡ್ತು ಸ್ವಾಮಿ.”

“ಹಗ್ಗ ತಾನಾಗಿ ಬಿಡೋದಿಲ್ಲ ಅಮ್ಮ. ನಿಮ್ಮ ಕೈ ಬಿಡ್ತು. ಹೌದೋ ಅಲ್ವೋ?”

ಕೇಳಿದ್ದಕ್ಕೆ ಹೂಂ, ಊಹೂಂ. ಕಂಬದ ಮರೆಯ ಮಾತು ಕಿವಿಯಲ್ಲೇ ಇತ್ತು. “ಹೂಂ.”

“ಬಿಟ್ಟಾಗ ಹಗ್ಗ ಅಲ್ಲಾಡ್ತಿತ್ತಾ?”

“ಅಲ್ಲಾಡ್ತಿತ್ತು.”

“ಅಂದ್ರೆ ಅವರಿಗಿನ್ನೂ ಜೀವ ಇತ್ತು.”

“ಇತ್ತು ಸ್ವಾಮಿ.” ಅವಳಿಗೆ ಅಳು ಬಂತು.

“ಇಷ್ಟೇ,” ಎಂದು ಹೇಳಿ ದೊಡ್ಡ ವಕೀಲರು ಕೂತುಬಿಟ್ಟರು.

ಗೋಡೆಗೊರಗಿ ನಿಂತಿದ್ದವರಲ್ಲಿ ಯಾರೋ ಬಾಯಲ್ಲಿ ‘ಚ್ಚ್’ ಎಂದು ಮೆಚ್ಚಿದರು. ಕೊಕ್ಕರೆಗೆ ಮುಗಿದದ್ದು ತಿಳಿಯಲಿಲ್ಲ. ಯಾಕೆ ಬಿಟ್ಟೆ ಎಂದು ಈಗ ಕೇಳುತ್ತಾರೆ ಎಂದು ಅವಳು ಬಾಯಿ ತೆರೆದುಕೊಂಡೇ ಕಾಯುತ್ತಿದ್ದಳು. ಯಾರೂ ಕೇಳದಿದ್ದಾಗ ತಾನೇ ಶುರು ಮಾಡಿದಳು.

“ಸ್ವಾಮಿ, ನಾನು ಯಾಕೆ ಬಿಟ್ಟೆ ಅಂದ್ರೆ—”

“ಕೇಳಿದ್ದಕ್ಕೆ ಮಾತ್ರ ಹೇಳಬೇಕಮ್ಮ,” ಎಂದರು ನ್ಯಾಯಾಧೀಶರು. ಸರ್ಕಾರಿ ವಕೀಲನ ಕಡೆ ನೋಡಿದರು. “ನಿಮ್ಮದು ಮತ್ತೇನಾದರೂ ಪ್ರಶ್ನೆ ಇದೆಯಾ?”

ಸರ್ಕಾರಿ ವಕೀಲ ಆಗಲೇ ಕಟ್ಟಿನ ದಾರ ಬಿಗಿಯುತ್ತಿದ್ದ. “ಏನೂ ಇಲ್ಲ ಸ್ವಾಮಿ.”

ಹೊರಗೆ ಮೊಗಸಾಲೆಯಲ್ಲಿ ದೊಡ್ಡ ವಕೀಲರು ಅವಳನ್ನು ಕಂಡು ನಿಂತರು. ಹಿಂದೆ ಬರುತ್ತಿದ್ದ ಎಂಟು ಹತ್ತು ಜನ ಕಿರಿಯರೂ ನಿಂತರು. “ಮಗಳಿದ್ದಾಳಂತಲ್ಲ. ಓದಿಸಿ ಅಮ್ಮ,” ಎಂದು ಕೈ ಮುಗಿದು ಹೋದರು. ಅವಳೂ ಮುಗಿದಳು.

ಮ್ಯಾನೇಜರು ಖುಲಾಸೆಯಾದರು. ಇಳಿದವನು ಅನುಭವಸ್ಥ, ತನ್ನ ಇಚ್ಛೆಯಿಂದ ಇಳಿದ. ಹೆಂಡತಿ ಗಾಬರಿಯಿಂದ ಹಗ್ಗ ಕೈಬಿಡದಿದ್ದರೆ ಉಳಿಯುತ್ತಿದ್ದ ಎಂದು ತೀರ್ಪಿನಲ್ಲಿ ಬರೆದಿತ್ತು. ಓಣಿಯಲ್ಲಿ ಓದು ಬಲ್ಲವನೊಬ್ಬ ಆ ಸಾಲನ್ನು ಜಗಲಿಯಲ್ಲಿ ಕೂತು ಎರಡು ಸಲ ಓದಿ ಹೇಳಿದ. ಅತ್ತೆ ಕಿವಿಗೊಟ್ಟು ಕೇಳಿದಳು. ಮೂರು ವರ್ಷ ಸೊಸೆಯ ಬೆರಳಿಗೆ ಎಣ್ಣೆ ನೀವಿದವಳು ಅದೇ ಅತ್ತೆ. ಬೂಟಿನ ಕಥೆ ಅವಳಿಗೆ ಬಾಯಿಪಾಠ. ಆದರೂ ಕೋರ್ಟಿನ ಸೀಲು ಬಿದ್ದ ಕಾಗದ ಅವಳ ತಲೆಯೊಳಗೆ ಹೊಕ್ಕು ಕೂತಿತು. ಒಂದು ಸಂಜೆ ಅನ್ನಕ್ಕೆ ಸಾರು ಬಡಿಸುತ್ತಾ ಯಾವ ಸಿಟ್ಟೂ ಇಲ್ಲದೆ ಅಂದಳು:

“ಇನ್ನೊಂಚೂರು ಹಿಡ್ಕೋಬಹುದಿತ್ತು ಕಣೇ ನೀನು.”

ಕೊಕ್ಕರೆ ತಟ್ಟೆ ಬಿಟ್ಟು ಎದ್ದಳು. ಅತ್ತೆ ಸಾಯುವ ತನಕ ಇಬ್ಬರೂ ಒಂದೇ ಒಲೆಯ ಅನ್ನ ತಿಂದರು, ಆ ಮಾತು ಮಾತ್ರ ಮತ್ತೆ ಎತ್ತಲಿಲ್ಲ.

ಮಗಳು ಹತ್ತು ದಾಟಿದ ಮೇಲೆ ಒಂದು ದಿನ ಕೇಳಿದಳು: “ಅಮ್ಮಾ, ನೀನು ಹಗ್ಗ ಯಾಕೆ ಬಿಟ್ಟೆ?” ಲೋಕದಲ್ಲಿ ಅದನ್ನು ಕೇಳಿದವಳು ಅವಳೊಬ್ಬಳೇ. ಕೊಕ್ಕರೆ ಎಲ್ಲವನ್ನೂ ಹೇಳಿದಳು. ಮಗಳು ಬಾಗಿದ ಬೆರಳನ್ನು ಹಿಡಿದುಕೊಂಡು, “ಅಲ್ಲೇ ಹೇಳೋದಲ್ವಾ ಅಮ್ಮ ಇದನ್ನ,” ಎಂದಳು.

ಇಷ್ಟಾದರೂ ದೊಡ್ಡ ವಕೀಲರ ಮೇಲೆ ಅವಳಿಗೆ ಸಿಟ್ಟು ಬರುತ್ತಿರಲಿಲ್ಲ. ಶಾಪ ಹಾಕುವಾಗ ಮ್ಯಾನೇಜರಿಗೆ ಹಾಕುವಳು, ಬಾಯ್ಲರ್‌ನವನಿಗೆ, ಬರೆದುಕೊಂಡವನಿಗೆ, ಸರ್ಕಾರಿ ವಕೀಲನಿಗೆ ಹಾಕುವಳು. ದೊಡ್ಡ ವಕೀಲರ ಸರದಿ ಬಂದಾಗ ನಾಲಿಗೆ ತಡೆಯುತ್ತಿತ್ತು. ಅಷ್ಟು ಜನರ ನಡುವೆ ತನ್ನ ಕಾಲು ನೋಯುತ್ತದೆಂದು ತಿಳಿದವರು ಅವರೊಬ್ಬರೇ. ಅವರು ಕೇಳಿದ್ದರಲ್ಲಿ ಸುಳ್ಳೇನಿತ್ತು?

ಕೋರ್ಟಿಗೆ ಅಲೆದ ವರ್ಷಗಳಲ್ಲಿ ಆದ ಪರಿಚಯದಿಂದ ವಕೀಲರ ಸಂಘದ ಕಟ್ಟಡದಲ್ಲಿ ಗುಡಿಸಿ ಒರೆಸುವ ಕೆಲಸ ಸಿಕ್ಕಿತು. ಎಂಟು ವರ್ಷ ಅಲ್ಲೇ ಕಳೆಯಿತು. ಆ ವರ್ಷ ದೊಡ್ಡ ವಕೀಲರು ಕರಿಕೋಟು ಹಾಕಿ ಐವತ್ತು ವರ್ಷ ತುಂಬಿತೆಂದು ಸಂಘದವರು ಸಭೆ ಇಟ್ಟರು. ಪಾಟೀಸವಾಲಿನ ಕಲೆಯ ಬಗ್ಗೆ ಕಿರಿಯ ವಕೀಲರಿಗೆ ಅವರೇ ಮಾತಾಡುವರೆಂದು ಬರೆದ ಬಟ್ಟೆಯನ್ನು ಬಾಗಿಲಲ್ಲಿ ಕಟ್ಟಿದರು.

“ಏಯ್ ಕೊಕ್ಕರೆ, ವೇದಿಕೆ ಒರೆಸಿದ್ದು ಇದೇನಾ? ನಿನ್ನ ಮುಖದ ಹಾಗೇ ಇದೆ. ಮತ್ತೆ ಒರೆಸು,” ಎಂದ ಮೇಲ್ವಿಚಾರಕ.

ಅವಳು ಮತ್ತೆ ಒರೆಸಿದಳು. ಬೇಸರವಾಗಲಿಲ್ಲ. ವೇದಿಕೆಗೆ ನೀರು ಕೊಡುವ ಕೆಲಸ ತನಗೇ ಬೇಕೆಂದು ಹಿಂದಿನ ದಿನವೇ ಅವನನ್ನು ಗೋಗರೆದು ಪಡೆದಿದ್ದಳು. ಒಗೆದ ಸೀರೆ ಉಟ್ಟು ಬಂದಿದ್ದಳು. ಮಗಳು ಹತ್ತನೇ ತರಗತಿ ಪಾಸಾದಳು ಸ್ವಾಮಿ, ನೀವು ಓದಿಸಿ ಅಂದಿದ್ದಿರಿ ಎಂದು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳು.

ನೀರಿನ ಲೋಟ ಇಟ್ಟಾಗ ಅವರು ಅವಳನ್ನು ನೋಡಿ, “ಸಂತೋಷ ಅಮ್ಮ,” ಎಂದರು. ಗುರುತು ಹತ್ತಲಿಲ್ಲ. ಹನ್ನೊಂದು ವರ್ಷಕ್ಕೆ ಮೊದಲು ಸತ್ತ ಗಂಡಸಿನ ಹೆಂಡತಿಯನ್ನು ಅವರಾದರೂ ಎಲ್ಲಿ ನೆನಪಿಟ್ಟುಕೊಂಡಾರು? ಅವಳು ತಟ್ಟೆ ಹಿಡಿದು ವೇದಿಕೆಯ ಪಕ್ಕದ ಬಾಗಿಲಲ್ಲಿ ನಿಂತಳು.

ವಯಸ್ಸಾಗಿತ್ತು, ಆದರೆ ದನಿ ಅದೇ. ಸಭೆ ತುಂಬಿತ್ತು. ಅವರು ಕೂತೇ ಮಾತಾಡಿದರು.

“ಸುಳ್ಳು ಹೇಳೋ ಸಾಕ್ಷಿಯನ್ನ ಯಾರು ಬೇಕಾದರೂ ಕೆಡವಬಹುದು. ನಿಮ್ಮಲ್ಲಿ ಮೊನ್ನೆ ಮೊನ್ನೆ ಕೋಟು ಹೊಲಿಸಿದವರೂ ಕೆಡವಬಹುದು. ನನಗೆ ಬೆವರು ಬರೋದು ನಿಜ ಹೇಳೋ ಸಾಕ್ಷಿ ಕಂಡಾಗ. ಒಂದು ಕೇಸು ಹೇಳ್ತೀನಿ. ಒಬ್ಬ ಕೂಲಿ ಹೆಂಗಸು. ತೊಟ್ಟೀಲಿ ಗಂಡ ಸತ್ತಿದ್ದ. ಹಗ್ಗ ಹಿಡಿದವಳು ಇವಳೇ.”

ಕೊಕ್ಕರೆಯ ಮುಖ ಅರಳಿತು. ತನ್ನನ್ನು ನೆನಪಿಟ್ಟಿದ್ದಾರೆ.

“ನಾನು ಎದ್ದು ನಿಂತೆ. ಅವಳು ಎರಡೂ ಕೈಯಲ್ಲಿ ಕಟಕಟೆ ಹಿಡಿದಿದ್ದಳು. ಬಲಗೈಯ ಎರಡು ಬೆರಳು ಸೊಟ್ಟ. ಹುಟ್ಟಿನಿಂದ ಬಂದ ಸೊಟ್ಟ ಅಲ್ಲ, ಜಜ್ಜಿದ್ದು. ಸರ್ಕಾರಿ ವಕೀಲರು ನೋಡಿರಲಿಲ್ಲ, ಅವರು ಹಾಳೆ ನೋಡ್ತಿದ್ರು. ನ್ಯಾಯಾಧೀಶರು ಇನ್ನೇನು ನೋಡೋದ್ರಲ್ಲಿದ್ರು. ನೋಡಿದರೆ ಅವರೇ ಕೇಳ್ತಾರೆ, ಬೆರಳಿಗೆ ಏನಾಯ್ತಮ್ಮ ಅಂತ. ನೀವಾಗಿದ್ರೆ ಏನು ಮಾಡ್ತಿದ್ರಿ?”

ಅವರು ಲೋಟ ಎತ್ತಿ ಒಂದು ಗುಟುಕು ನೀರು ಕುಡಿದರು.

“ನಾನು ಅವಳಿಗೊಂದು ಕುರ್ಚಿ ಕೊಡಿಸಿದೆ.”

ಒಂದು ಕ್ಷಣ ಆ ಮಾತು ಸಭೆಗೆ ಹತ್ತಲಿಲ್ಲ. ಹತ್ತಿದ ಮೇಲೆ ಮೊದಲು ಮುಂದಿನ ಸಾಲಿನಲ್ಲಿ, ಆಮೇಲೆ ಹಿಂದಿನ ತನಕ ಅಲೆ ಅಲೆಯಾಗಿ ನಗು, ಆಮೇಲೆ ಚಪ್ಪಾಳೆ. ದೊಡ್ಡ ವಕೀಲರು ನಗಲಿಲ್ಲ. ಚಪ್ಪಾಳೆ ನಿಲ್ಲಲಿ ಎಂದು ಕಾದರು.

“ಕೂತಳು. ಕೈ ಕೆಳಗೆ ಹೋಯ್ತು. ಆಮೇಲೆ ಏಳೋ ಎಂಟೋ ಪ್ರಶ್ನೆ. ಹಗ್ಗ ಬಿಟ್ಟೆ ಅಂತ ಅವಳ ಬಾಯಿಂದಲೇ ಬಂತು. ಕೂತುಬಿಟ್ಟೆ. ಅವಳು ಒಂದು ಸುಳ್ಳೂ ಹೇಳಲಿಲ್ಲ, ನಾನೂ ಒಂದು ಸುಳ್ಳು ಹೇಳಲಿಲ್ಲ. ಕೇಳೋದನ್ನ ಎಲ್ಲರೂ ಕಲೀತಾರೆ. ಎಲ್ಲಿ ಕೇಳಬಾರದು, ಅದು ಕಲಿಯೋಕೆ ನನಗೆ ಇಪ್ಪತ್ತು ವರ್ಷ ಬೇಕಾಯ್ತು.”

ಎರಡನೇ ಸಾಲಿನಲ್ಲಿ ಒಬ್ಬ ಹುಡುಗಿ ಕೈ ಎತ್ತಿದಳು. ಹೊಸ ಕೋಟು, ತೊಡೆಯ ಮೇಲೆ ನೋಟ್‌ಬುಕ್ಕು. “ಸರ್, ಆ ಬೆರಳಿಗೆ ನಿಜವಾಗಿ ಏನಾಗಿತ್ತು? ಅವರು ಹಗ್ಗ ಬಿಟ್ಟಿದ್ದು ಯಾಕೆ?”

“ಗೊತ್ತಿಲ್ಲ. ನಾನು ಕೇಳಲಿಲ್ಲವಲ್ಲ.”

ಮತ್ತೆ ನಗು. ಆ ನಗುವಿನ ನಡುವೆ ತಟ್ಟೆ ನೆಲಕ್ಕೆ ಇಟ್ಟ ಸದ್ದು ಯಾರಿಗೂ ಕೇಳಿಸಲಿಲ್ಲ. ಕೊಕ್ಕರೆ ವೇದಿಕೆಯ ಮುಂದಕ್ಕೆ ನಡೆದು ಬಂದಳು. ಒಂದೊಂದೇ ಹೆಜ್ಜೆ.

“ನಾನು ಹೇಳ್ತೀನಿ,” ಎಂದಳು.

ಮೇಲ್ವಿಚಾರಕ ಹಿಂದಿನ ಬಾಗಿಲಿಂದ ಕೈ ಬೀಸುತ್ತಿದ್ದ. ಅವಳು ಅತ್ತ ನೋಡಲಿಲ್ಲ. ಬಲಗೈ ಎತ್ತಿ ಹಿಡಿದಳು.

“ಮ್ಯಾನೇಜರು ನನ್ನ ಕೈ ಮೇಲೆ ಬೂಟು ಹಾಕಿ ನಿಂತ್ಕೊಂಡ್ರು. ಮೊದಲು ಒಂದು ಕಾಲು. ಬಿಡಲಿಲ್ಲ ನಾನು. ಆಮೇಲೆ ಪೂರ್ತಿ ಮೈಭಾರ ಬಿಟ್ರು. ಇದು ಮುರೀತು. ಆಮೇಲೆ ಮುಚ್ಚಳ ಹಾಕಿದ್ರು. ಒಳಗಡೆ ಉಸಿರಾಡ್ತಿದ್ದ ನನ್ನ ಗಂಡ. ಗಿರಾಕಿಗಳಿಗೆ ವಾಸನೆ ಬರುತ್ತೆ ಅಂತ ಮುಚ್ಚಿದ್ರು ಸ್ವಾಮಿ. ಇದನ್ನೇ ಹೇಳೋಕೆ ಬಂದಿದ್ದೆ ಆವತ್ತು. ನೀವು ಕೇಳಲಿಲ್ಲ.”

ದೊಡ್ಡ ವಕೀಲರು ಅವಳ ಮುಖ ನೋಡಿದರು, ಆಮೇಲೆ ಬೆರಳು ನೋಡಿದರು. ಕಣ್ಣಿನಲ್ಲಿ ಗುರುತು ಮೂಡಿತು. ನಿಧಾನಕ್ಕೆ ಎದ್ದು ನಿಂತರು. ಅವರ ಕಣ್ಣು ತೇವವಾಗಿದ್ದು ಸುಳ್ಳಲ್ಲ.

“ಕೇಳಿಸಿಕೊಂಡಿರಾ?” ಎಂದರು ಸಭೆಗೆ. “ಈ ಉತ್ತರ ಆವತ್ತು ಬಂದಿದ್ದರೆ ನನ್ನ ಕಕ್ಷಿದಾರ ಜೈಲಿನಲ್ಲಿರುತ್ತಿದ್ದ. ಒಂದು ಪ್ರಶ್ನೆ ಹೆಚ್ಚಾಗಿದ್ದರೆ ಸಾಕಿತ್ತು. ಇದಕ್ಕಿಂತ ಚೆನ್ನಾಗಿ ನಾನು ನಿಮಗೆ ಹೇಳಿಕೊಡಲಾರೆ. ಈ ತಾಯಿಗೂ ಒಂದು ಚಪ್ಪಾಳೆ.”

ಚಪ್ಪಾಳೆ ಬಿತ್ತು. ಜೋರಾಗಿ, ತುಂಬಾ ಹೊತ್ತು ಬಿತ್ತು. ಅವರೂ ಅವಳ ಕಡೆ ತಿರುಗಿ ತಟ್ಟಿದರು. ಕೊಕ್ಕರೆ ಎತ್ತಿದ ಕೈಯನ್ನು ಇಳಿಸುವುದು ಮರೆತು ನಿಂತಿದ್ದಳು.

ಸದ್ದು ಇಳಿದ ಮೇಲೆ ಕೇಳಿದಳು: “ಈಗ ಹೇಳಿದೆನಲ್ಲ ಸ್ವಾಮಿ. ನೀವು ಹೋಗಿ ಅಲ್ಲಿ ಹೇಳ್ತೀರಾ? ನಾನು ಬಿಡಲಿಲ್ಲ ಅಂತ?”

“ಅದು ಮುಗಿದ ಕೇಸಮ್ಮ.” ಮೊಮ್ಮಗಳಿಗೆ ಹೇಳಿದ ಹಾಗೆ ಹೇಳಿದರು. “ಖುಲಾಸೆ ಆದವನನ್ನ ಅದೇ ತಪ್ಪಿಗೆ ಇನ್ನೊಂದು ಸಲ ನಿಲ್ಲಿಸೋದಿಲ್ಲ ಕಾನೂನು.”

“ನನ್ನನ್ನ ದಿನಾ ನಿಲ್ಲಿಸ್ತಿದೆ ಸ್ವಾಮಿ. ನನ್ನ ಅತ್ತೆ ಹಾಗೇ ಅಂದ್ಕೊಂಡೇ ಸತ್ಲು.”

ಅವರು ಏನೋ ಹೇಳಹೋದರು. ಅಷ್ಟರಲ್ಲಿ ಸಂಘದ ಕಾರ್ಯದರ್ಶಿ ಮೈಕು ಎಳೆದುಕೊಂಡು ವಂದನಾರ್ಪಣೆ ಮಾಡಿಬಿಟ್ಟ. ಊಟ ಪಕ್ಕದ ಹಾಲಿನಲ್ಲಿ ಸಿದ್ಧವಿದೆ ಎಂದ. ನಾಲ್ಕು ಜನ ದೊಡ್ಡ ವಕೀಲರ ತೋಳು ಹಿಡಿದು ಮೆಟ್ಟಿಲು ಇಳಿಸಿದರು. ಅವರು ಒಮ್ಮೆ ಹಿಂತಿರುಗಿ ನೋಡಿದರು. ಜನರ ನಡುವೆ ಮರೆಯಾದರು.

ಮೇಲ್ವಿಚಾರಕ ಬಂದು ಅವಳ ರಟ್ಟೆಗೆ ಕೈ ಹಾಕಿದ. “ಮುಂಡೇದೇ, ನನ್ನ ಕೆಲಸಕ್ಕೂ ಕಲ್ಲು ಹಾಕ್ತೀಯಾ? ನಡಿ ಆಚೆ. ನಾಳೆಯಿಂದ ಬರಬೇಡ.”

“ಕೈ ತೆಗಿ,” ಎಂದಳು. ದನಿ ಏರಿಸಲಿಲ್ಲ. ಅವನು ಯಾಕೋ ತೆಗೆದ.

ಅವಳು ಎರಡನೇ ಸಾಲಿನ ತುದಿಗೆ ಬಂದಳು. ಪ್ರಶ್ನೆ ಕೇಳಿದ ಹುಡುಗಿ ಏಳುವುದರಲ್ಲಿದ್ದಳು. ತೊಡೆಯ ಮೇಲಿನ ನೋಟ್‌ಬುಕ್ಕಿನಲ್ಲಿ ಸಾಲು ಸಾಲಾಗಿ ದುಂಡಗಿನ ಅಕ್ಷರ. ಕೊಕ್ಕರೆಗೆ ಓದು ಬರದು.

“ನಾನು ಹೇಳಿದ್ದು ಬರ್ಕೊಂಡ್ಯಾ ಮಗಾ?”

ಹುಡುಗಿ ಹಾಳೆ ನೋಡಿದಳು. “ಸರ್ ಹೇಳಿದ್ದು ಬರ್ಕೊಂಡೆ ಅಮ್ಮ.”

“ನಾನು ಹೇಳಿದ್ದು?”

ಹುಡುಗಿ ಪೆನ್ನಿಗೆ ಮುಚ್ಚಳ ಹಾಕಿದಳು.

ಕೊಕ್ಕರೆ ಅಲ್ಲೇ, ಸಾಲುಗಳ ನಡುವಿನ ಓಡಾಡುವ ದಾರಿಗೆ ಅಡ್ಡಲಾಗಿ, ನೆಲದ ಮೇಲೆ ಕೂತಳು. ಸೀರೆಯ ಸೆರಗನ್ನು ಮಂಡಿಯ ಸುತ್ತ ಎಳೆದುಕೊಂಡಳು.

“ಕೇಳಿದ್ದು ನೀನು. ಬರ್ಕೊ. ಬೂಟು ಅಂತ ಬರ್ಕೊ. ಬರೆದು ನನಗೆ ಓದಿ ಹೇಳು. ಅಲ್ಲಿ ತನಕ ನಾನು ಏಳಲ್ಲ.”

“ಅಮ್ಮ, ನಾನು ಬರೆದ್ರೆ ಏನೂ ಆಗಲ್ಲ.”

“ಆಗದಿದ್ರೆ ಬೇಡ. ಬರ್ಕೊ.”

ಹಿಂದಿನ ಸಾಲುಗಳವರು ಊಟಕ್ಕೆ ಹೊರಟಿದ್ದರು. ದಾರಿಯಲ್ಲಿ ಕೂತವಳನ್ನು ಕಂಡು ಒಬ್ಬೊಬ್ಬರಾಗಿ ಕರಿಕೋಟಿನ ಅಂಚು ಎತ್ತಿ ಹಿಡಿದು, ಅವಳ ಮಂಡಿಗೆ ತಾಗದ ಹಾಗೆ ಕಾಲು ಎತ್ತಿಟ್ಟು ದಾಟಿದರು. “ಕ್ಷಮಿಸಿ,” ಎಂದರು ಕೆಲವರು. ಹುಡುಗಿ ಪೆನ್ನಿನ ಮುಚ್ಚಳ ತೆಗೆದಳು. ಹಾಳೆಯ ಮೇಲೆ ಮೊನೆ ಊರಿ, ದೊಡ್ಡ ವಕೀಲರು ಹೋದ ಬಾಗಿಲನ್ನೇ ನೋಡುತ್ತಾ ಕೂತಳು.